ಟೀಚರ್ ನಾಕ್ ಬೋಲೀ

ಗೊಲ್ಲಾಳಮ್ಮ ಟೀಚರ್ ಅವರಿಗೆ,

ಗುಡ್ಡಿಯ ತಾಯಿ ಜಹೀರುನ್ನೀಸಾಳ ಸಲಾಂ. ಓದಿ ಮುಗಿಸುವ ತನಕ ಸಿಟ್ಟಾಗಬೇಡಿ. ಆಮೇಲೆ ಆಗಿ, ನಿಮಗೆ ಹಕ್ಕಿದೆ.

ಎರಡು ತಿಂಗಳಿಂದ ನಿಮ್ಮ ಮೇಲೆ ನನಗೆ ಶಕ್ ಇತ್ತು, ಅನುಮಾನ. ಅಂಗನವಾಡಿಯಿಂದ ಬಂದ ಗುಡ್ಡಿಯನ್ನು, ಟೀಚರ್ ಏನು ಕಲಿಸಿದರು ಎಂದು ಕೇಳಿದರೆ ದಿನಾ ಒಂದೇ ಉತ್ತರ: "ಟೀಚರ್ ನಾಕ್ ಬೋಲೀ." ಹೇಳಿ ಮೂಗು ಹಿಡಿದುಕೊಳ್ಳುತ್ತಿದ್ದಳು. ನಮ್ಮ ಮನೆಮಾತಿನಲ್ಲಿ ನಾಕ್ ಎಂದರೆ ಮೂಗು; ಟೀಚರ್ ಮೂಗು ಅಂದರು ಎಂದು ಅವಳ ಮಾತು. ಟೀಚರಿಗೆ ನನ್ನ ಮಗಳ ಮೂಗಿನ ಉಸಾಬರಿ ಏಕೆ? ನಮ್ಮ ಮಗು ನಾರುತ್ತದೆ ಎನ್ನುತ್ತಾರೋ, ಇಲ್ಲ ಮೂಗು ಹಿಂಡುತ್ತಾರೋ? ದಿನಾ ತಲೆಗೆ ನೀರು ಹಾಕಿದೆ, ಅಂಗಿಗೆ ಅತ್ತರು ಹಚ್ಚಿದೆ, ಎದೆಗೆ ಕರ್ಚೀಫು ಸಿಕ್ಕಿಸಿದೆ. ಮರುದಿನವೂ ನಾಕ್. ಶಹಾಪುರ ಬಸ್ ಸ್ಟ್ಯಾಂಡಿನ ಬಳಿ ಬಳೆ ಮಾರುವ ನನ್ನ ಗಂಡ ಮುನಾವರ, "ನಿನಗ ಗಾಳಿ ಬೀಸಿದ್ರೂ ಶಕ್. ಹುಡುಗೀಗಿ ಕಲೀಲಾಕ ಬಿಡು" ಎಂದ. ಅವನೂ ನಿಮ್ಮ ಕಡೆಯೇ ಎನಿಸಿತು. ನೀವು ನಮ್ಮ ಮಕ್ಕಳನ್ನು ಕಂಡರೆ ಮೂಗು ಮುರಿಯುತ್ತೀರಿ ಎಂದು ಓಣಿಯ ಹತ್ತು ಮನೆಗೆ ಹೇಳಿ ಬಂದೆ.

ಅಷ್ಟರಲ್ಲಿ ನೀವೇ ಕರೆಸಿದಿರಿ. "ಗುಡ್ಡೀನ ಬರೋ ಜೂನಿಗಿ ಎಲ್‌ಕೆಜಿಗಿ ಹಾಕಬ್ಯಾಡ್ರಿ. ಮೂರರ ಮುಂದ ಎಣಸಂಗಿಲ್ಲ. ಎಣಸು ಅಂದ್ರ ನನ್ನ ಮೂಗು ಅಣಕಸ್ತಾಳ. ಪ್ರಗತಿ ಕಾರ್ಡಿನ್ಯಾಗ ಇನ್ನಾ ತಯಾರಿಲ್ಲ ಅಂತ ಬರೀತೀನ್ರಿ" ಎಂದಿರಿ. ನಿಮ್ಮ ಮೂಗು ತುಸು ದೊಡ್ಡದು, ಸುಳ್ಳೇಕೆ ಹೇಳಲಿ. ಆದರೆ ಅಣಕಿಸುವುದು ನನ್ನ ಮಗಳಿಗೆ ಬರುವುದಿಲ್ಲ. ನೀವು ನೆಪ ಹುಡುಕಿದ್ದೀರಿ ಎಂದುಕೊಂಡು, ಕಣ್ಣಾರೆ ನೋಡಿ ಹಿಡಿಯಲು ಸೋಮವಾರ ಅಂಗನವಾಡಿಯ ಕಿಟಕಿಗೆ ಕಣ್ಣು ಹಚ್ಚಿ ನಿಂತೆ.

ಮೊದಲು ಆಟ. ಕಿವಿ ಎಂದಿರಿ, ಮಕ್ಕಳು ಕಿವಿ ಹಿಡಿದರು. ತಲೆ ಎಂದಿರಿ, ತಲೆ ಮುಟ್ಟಿಕೊಂಡರು. ಆಮೇಲೆ ಎಣಿಕೆ. "ಒಂದು, ಎರಡು, ಮೂರು, ನಾಕು." ನಾಕು ಎಂದದ್ದೇ ತಡ, ಗುಡ್ಡಿ ಮೂಗು ಹಿಡಿದು, ಮುಂದೆ ಏನು ಮುಟ್ಟಲಿ ಎಂದು ನಿಮ್ಮ ಮುಖವನ್ನೇ ನೋಡುತ್ತ ನಿಂತಳು. "ಮತ್ತ ಅಣಕಸ್ತಿ?" ಎಂದು ನೀವು ಅವಳನ್ನು ಹಿಂದೆ ಕೂರಿಸಿದಿರಿ.

ನನಗೆ ನಗು ಬಂತು, ಹಿಂದೆಯೇ ಅಳು. ಭೀಮರಾಯನಗುಡಿಯಲ್ಲಿ ಹತ್ತನೆಯ ತನಕ ಕನ್ನಡದಲ್ಲೇ ಓದಿದವಳು ನಾನು. ನನ್ನ ಉರ್ದು ಬೆರೆತ ಕನ್ನಡಕ್ಕೆ ಇಡೀ ಕ್ಲಾಸು ನಗುತ್ತಿತ್ತು. ಗುಡ್ಡಿಗೆ ಹಾಗಾಗದಿರಲಿ, ಟೀಚರ ಬಾಯಿಂದಲೇ ಶುದ್ಧ ಕನ್ನಡ ಕಲಿಯಲಿ ಎಂದು ಅವಳೊಂದಿಗೆ ಮನೆಯಲ್ಲಿ ಒಂದು ಕನ್ನಡದ ಮಾತೂ ಆಡಲಿಲ್ಲ. ಏನೂ ಹೇಳಿಕೊಡದೆ ತಂದು ನಿಮ್ಮ ಮುಂದೆ ಕೂರಿಸಿದವಳು ನಾನೇ.

ನಾಳೆ ಶನಿವಾರ, ನೀವು ಕಾರ್ಡು ಬರೆಯುವ ದಿನ. ನಾಲ್ಕು ದಿನದಿಂದ ಬಳೆಗಳನ್ನು ಮುಂದಿಟ್ಟುಕೊಂಡು, ಚಾರ್ ಎಂದರೆ ನಾಕು ಎಂದು ಹೇಳಿಕೊಡುತ್ತಿದ್ದೇನೆ. ಹತ್ತರ ತನಕ ಬಂದಿದ್ದಾಳೆ. ನನ್ನ ಮಾತು ನಂಬಬೇಡಿ, ನೀವೇ ಎಣಿಸಿ ನೋಡಿ. ನಿಮ್ಮ ಬಗ್ಗೆ ನಾನು ಕೆಟ್ಟದ್ದಾಡಿದ್ದ ಹತ್ತೂ ಮನೆಗೆ ಇವತ್ತು ಹೋಗಿ, ಆಡಿದ್ದನ್ನು ವಾಪಸ್ ತೆಗೆದುಕೊಂಡು ಬಂದೆ. ನೀವು ಒಂದೇ ಒಂದು ಮಾತು ವಾಪಸ್ ತೆಗೆದುಕೊಳ್ಳಿ: "ಇನ್ನಾ ತಯಾರಿಲ್ಲ."

ನಿಮ್ಮ ಕೈಗೆ ಬರಕತ್ತು ಇರಲಿ.

ನಿಮ್ಮ ಮೇಲೆ ಇನ್ನೂ ಚೂರು ಶಕ್ ಇಟ್ಟುಕೊಂಡಿರುವ,
ಜಹೀರುನ್ನೀಸಾ