ಹೊಳಪು ಹೆಚ್ಚಾದ ಬಿಲ್ಲೆ

ಪ್ರಯೋಗಾಲಯದ ಹಿಂದಿನ ಕೋಣೆ,
ಬುಧವಾರ, ಊಟದ ಹೊತ್ತು

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಹೋದ ಕಾಗದದಲ್ಲಿ ಬರೆದಿದ್ದ ತಲೆನೋವು ಈಗ ಹೇಗಿದೆ? ಅದು ಸುರಂಗದ ಒಳಗಿದ್ದಾಗ ಮಾತ್ರ ಬರುತ್ತದೋ, ಹೊರಗೆ ಬಂದ ಮೇಲೂ ಇರುತ್ತದೋ? ಲೋಕಾಭಿರಾಮಕ್ಕೆ ಕೇಳುತ್ತಿಲ್ಲ, ಸರಿಯಾಗಿ ಉತ್ತರ ಬರಿ. ಅಮ್ಮ ಗಟ್ಟಿಯಾಗಿದ್ದಾಳೆ. ಮಂಡಿನೋವಿನ ನೆಪ ಹೇಳಿ ನನ್ನನ್ನು ಮೆಟ್ಟಿಲು ಹತ್ತಿಸಿ ಇಳಿಸುತ್ತಾಳೆ, ಪಕ್ಕದ ಮನೆಯಲ್ಲಿ ಜಗಳವಾದರೆ ಮಾತ್ರ ಎಲ್ಲರಿಗಿಂತ ಮೊದಲು ಬಾಲ್ಕನಿಯಲ್ಲಿರುತ್ತಾಳೆ. ನಿನ್ನ ಹಾಸಿಗೆಯ ಮೇಲೆ ಈಗ ಅವಳ ಒಗೆದ ಬಟ್ಟೆಗಳ ಸಂಸಾರ. ಗುಡ್ಡ ಜಾರಿ ನಿಮ್ಮ ಕ್ಯಾಂಪಿನ ಫೋನ್ ತಂತಿ ಹರಿದುಹೋಗಿದೆಯಂತೆ, ಸಾಮಾನು ಲಾರಿಯ ಡ್ರೈವರಣ್ಣ ಹೇಳಿದ. ಅವನು ಕೆಳಗೆ ಅಂಗಳದಲ್ಲಿ ಡಬ್ಬಗಳನ್ನು ಏರಿಸುತ್ತಿದ್ದಾನೆ. ಅದು ಮುಗಿಯುವುದರೊಳಗೆ ಈ ಕಾಗದ ಮುಗಿಯಬೇಕು.

ನಿನ್ನ ಕಾಗದ ಓದಿ ಅಮ್ಮ ಹಿಗ್ಗಿ ಹೀರೇಕಾಯಿಯಾದಳು. “ಅಕ್ಕಾ, ನೀನು ಮಾಡಿಕೊಟ್ಟ ಬಿಲ್ಲೆ ಇಲ್ಲಿಗೆ ಬಂದ್ಮೇಲೆ ಇನ್ನೂ ಜಾಸ್ತಿ ಹೊಳೀತಿದೆ, ಇದು ಎದೆ ಮೇಲಿದ್ರೆ ಯಾವ ಭಯಾನೂ ಇಲ್ಲ” ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಬೀದಿಗೆಲ್ಲ ಓದಿ ಹೇಳಿದಳು. ನಾನು ಮಾತ್ರ ಅವತ್ತಿನಿಂದ ಅದೇ ಸಾಲನ್ನು ತಿರುತಿರುಗಿ ಓದುತ್ತಿದ್ದೇನೆ. ಹೊಳಪು ಕಡಿಮೆಯಾಗಿ ಎಚ್ಚರಿಸುವುದೇ ಆ ಬಿಲ್ಲೆಯ ಕೆಲಸ ಕಣೋ. ಅದು ಹೆಚ್ಚಾಗಬಾರದು.

ಕೊಡುವಾಗ ನಾನು ವಿವರಿಸಿದ್ದನ್ನು ನೀನು ಆಕಳಿಸುತ್ತ ಕೇಳಿದ್ದೆ, ಈಗ ಕಣ್ಣುಬಿಟ್ಟು ಕೇಳು. ಬಿಲ್ಲೆಯ ಮೇಲೆ ಬಳಿದಿರುವುದು ಅರೆವಾಹಕದ ನ್ಯಾನೋ ಹರಳುಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಹಿಂದಿರುವ ಪುಟ್ಟ ನೀಲಿ ದೀಪದ ಬೆಳಕು ತಾಗಿದಾಗ ಹರಳಿನೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ನೆಗೆಯುತ್ತದೆ, ಮತ್ತೆ ತನ್ನ ಜಾಗಕ್ಕೆ ಇಳಿಯುವಾಗ ಕಿತ್ತಳೆ ಬಣ್ಣದ ಬೆಳಕು ಬಿಡುತ್ತದೆ. ಆದರೆ ಹರಳಿನ ಮೈಮೇಲೆ ಗುಂಡಿಗಳಂಥ ಕೊರತೆಗಳಿರುತ್ತವೆ. ಎಲೆಕ್ಟ್ರಾನ್ ಅಂಥದ್ದರಲ್ಲಿ ಬಿದ್ದರೆ ಬೆಳಕಿಲ್ಲ, ಒಂದಿಷ್ಟು ಬಿಸಿ, ಅಷ್ಟೇ. ನಿಮ್ಮ ಸುರಂಗದ ವಿಷಗಾಳಿ ಬಂದು ಮೈಗೆ ಅಂಟಿಕೊಂಡರೆ ಗುಂಡಿಗಳು ಹೆಚ್ಚುತ್ತವೆ, ಬೆಳಕು ಕುಂದುತ್ತದೆ. ಬಿಲ್ಲೆಯ ಅಂಚಿನಲ್ಲಿ ಯಾವಾಗಲೂ ಒಂದೇ ಸಮ ಹೊಳೆಯುವ ಗುರುತಿನ ಗೆರೆಯಿದೆಯಲ್ಲ, ಬೆಳಕು ಅದಕ್ಕಿಂತ ಮಂಕಾದರೆ ಓಡಿ ಹೊರಗೆ ಬಾ ಅಂದಿದ್ದೆ.

ಇದನ್ನೆಲ್ಲ ನಾವು ಪರೀಕ್ಷಿಸಿದ್ದು ಒಣಗಾಳಿ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ. ತೇವ ತಾಗಿದರೆ ಹರಳು ಕೆಡುತ್ತದೆಂದು ಹಸುಗೂಸಿನ ಹಾಗೆ ಕಾಪಾಡಿದ್ದೆವು. ನಿನ್ನ ಸುರಂಗದಲ್ಲೋ ಗೋಡೆಯೆಲ್ಲ ನೀರು. ನೀರಿನ ಆವಿ ಆ ಗುಂಡಿಗಳನ್ನು ಮುಚ್ಚುತ್ತ ಬಂದು, ಮೇಲಿಂದ ನೀಲಿ ದೀಪವೂ ದಿನವಿಡೀ ಉರಿಯುತ್ತಿದ್ದರೆ ಹೊಳಪು ದಿನದಿನಕ್ಕೆ ಏರುತ್ತದೆ. ಆಮೇಲೆ ವಿಷಗಾಳಿ ಬಂದು ಅದನ್ನು ಇಳಿಸಿದರೂ, ಗೆರೆಯ ಹತ್ತಿರಕ್ಕೆ ಬಾರದೆ ನಿಂತುಬಿಡಬಹುದು. ನೋಡುವವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಂದೆ ನಡೆಯುವವನು ನೀನು, ಹಿಂದೆ ಬರುವ ಗುಂಪೆಲ್ಲ ನಿನ್ನ ಎದೆಯ ಬೆಳಕು ನೋಡಿಕೊಂಡು ಒಳಗೆ ಬರುತ್ತದೆ. ತಲೆನೋವಿನ ವಿಚಾರ ಯಾಕೆ ಕೆದಕಿದೆ ಎಂದು ಈಗ ಗೊತ್ತಾಯಿತಲ್ಲ.

ನಮ್ಮ ಮುಖ್ಯಸ್ಥರ ಮುಂದೆ ಇದನ್ನು ಹೇಳಿದೆ. “ಹೊಳಪು ಜಾಸ್ತಿಯಾಯ್ತು ಅಂತ ಯಾರಾದ್ರೂ ದೂರು ಕೊಡ್ತಾರೇನಮ್ಮಾ? ಸಿಹಿ ಜಾಸ್ತಿಯಾಯ್ತು ಅಂತ ಅಳೋರನ್ನ ನಾನು ನೋಡಿಲ್ಲ” ಎಂದು ನಕ್ಕರು. “ಸಕ್ಕರೆ ಕಾಯಿಲೆ ಇರೋರು ಅಳ್ತಾರೆ ಸಾರ್” ಎಂದೆ. ನಗು ನಿಂತಿತು. ಕೆಟ್ಟವರಲ್ಲ, ಪುರಾವೆ ತೋರಿಸಿದರೆ ಸುರಂಗದ ಕೆಲಸ ನಿಲ್ಲಿಸಲು ಬರೆದುಕೊಡುತ್ತೇನೆ ಎಂದರು. ಅದಕ್ಕೇ ನಿನ್ನ ಬಿಲ್ಲೆಯ ಜೊತೆಯಲ್ಲೇ ಮಾಡಿದ್ದ ಇನ್ನೊಂದನ್ನು, ಒದ್ದೆ ಬಟ್ಟೆ ಹಾಸಿದ ಗಾಜಿನ ಭರಣಿಯಲ್ಲಿ ನೀಲಿ ದೀಪ ಹಚ್ಚಿ ಇಟ್ಟಿದ್ದೆ. ಈಗ ಕೆಂಡದ ಹಾಗೆ ಉರಿಯುತ್ತಿದೆ. ಇಷ್ಟು ಚಂದದ ಬೆಳಕು ನನ್ನ ಕೈಯಿಂದ ಯಾವತ್ತೂ ಬಂದಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಭರಣಿಯೊಳಗೆ ವಿಷಗಾಳಿ ಬಿಡುತ್ತೇವೆ. ಬೆಳಕು ಗೆರೆಗಿಂತ ಕೆಳಗಿಳಿದರೆ, ಅಕ್ಕ ಹೆದರುಪುಕ್ಕಲಿ ಎಂದು ಜೀವಮಾನವಿಡೀ ಆಡಿಕೋ, ಬೇಡ ಅನ್ನುವುದಿಲ್ಲ. ನನ್ನ ಲೆಕ್ಕ ತಪ್ಪಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಒಳಗಿಂದ ಕರೆಯುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಸಾಕ್ಸಿನಲ್ಲೇ ಮಲಗಬೇಡ. ಅಮ್ಮನ ಆಶೀರ್ವಾದದ ಜೊತೆಗೆ ನನ್ನದನ್ನೂ ಗಂಟು ಕಟ್ಟಿ ಕಳಿಸುತ್ತಿದ್ದೇನೆ.

ನಿನ್ನ ಜಗಳಗಂಟಿ ಅಕ್ಕ

ತಾ.ಕ.: ಇಳಿಯಲಿಲ್ಲ. ಭರಣಿಯ ತುಂಬ ವಿಷಗಾಳಿ, ಬಿಲ್ಲೆ ಗೆರೆಗಿಂತ ಮೇಲೆಯೇ ನಿಂತು ಹೊಳೆಯುತ್ತಿದೆ. ಮುಖ್ಯಸ್ಥರು ನಿಂತಲ್ಲೇ ಸಹಿ ಹಾಕಿದರು, ಅವರ ಆದೇಶವೂ ಇದೇ ಲಾರಿಯಲ್ಲಿದೆ. ಸಂಜೆಯ ಪಾಳಿಗೆ ಮೊದಲೇ ಮುಟ್ಟಿಸುತ್ತೇನೆ ಎಂದು ಡ್ರೈವರಣ್ಣ ಮಾತು ಕೊಟ್ಟಿದ್ದಾನೆ. ಭಾರ ಅಂತ ನೀವು ಶೆಡ್ಡಿಗೆ ಹಾಕಿದ, ವಿಷಗಾಳಿ ತಾಗಿದರೆ ಕೂಗುವ ಹಳೆಯ ಸೈರನ್ ಪೆಟ್ಟಿಗೆ ಹೊರದೆ ಇನ್ನು ಯಾರೂ ಒಳಗೆ ಹೋಗಬೇಡಿ. ನಾನು ಮಾಡಿದ ಬಿಲ್ಲೆಯನ್ನು ನಂಬಬೇಡ, ಯಾರನ್ನೂ ನಂಬಲು ಬಿಡಬೇಡ. ನೀನು ಕಾಗದವನ್ನು ಮೊದಲಿಂದ ಒಂದೊಂದೇ ಸಾಲು ಚಪ್ಪರಿಸಿ ಓದುವವನು, ಅದಕ್ಕೇ ಲಕೋಟೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದೇನೆ, ಮೊದಲು ಹೊರಗೆ ಬಾ, ಆಮೇಲೆ ಒಡೆ ಎಂದು. ಅದನ್ನೂ ಲೆಕ್ಕಿಸದೆ ಸುರಂಗದೊಳಗೇ ಕೂತು ಓದುತ್ತಿದ್ದರೆ, ಕಾಗದ ಅಲ್ಲೇ ಬಿಸಾಡು ತಮ್ಮಯ್ಯಾ. ಎಲ್ಲರನ್ನೂ ಎಬ್ಬಿಸು. ಏಳು.