ಎದುರಂಗಡಿಯ ತಿದ್ದುಪಡಿಗೆ ನನ್ನ ಒಪ್ಪಿಗೆ

ಕುರ್ಚಿ ಬಾಡಿಗೆ ಅಂಗಡಿ,
ಭಾನುವಾರ ಸಂಜೆ, ಮಾರ್ಚ್ ೯

ಪ್ರೀತಿಯ ಮಗಳೇ,

ಆಪರೇಷನ್ ಆದ ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲ ತಾನೇ? ಉರಿ ಕಡಿಮೆಯಾಯಿತೇ? ಇದನ್ನು ಓದಿ ಹೇಳುತ್ತಿರುವ ಅಳಿಯಂದಿರೇ, ಅವಳು ಎಷ್ಟು ಗೋಗರೆದರೂ ಕಂಪ್ಯೂಟರ್ ಕೊಡಬೇಡಿ. ನನ್ನ ಅಕ್ಷರ ತಿಳಿಯದ ಕಡೆ ನಿಮ್ಮ ಸ್ವಂತದ್ದು ಸೇರಿಸಲೂ ಬೇಡಿ.

ನಮ್ಮ ಅಂಗಡಿಯ ಬಾಡಿಗೆ ಲೆಕ್ಕಕ್ಕೆಂದು ನೀನು ಬರೆದ ಸಾಫ್ಟ್‌ವೇರನ್ನು ಲೋಕಕ್ಕೆಲ್ಲ ಪುಕ್ಕಟೆ ಹಂಚಿದಾಗ ನನ್ನ ಹೊಟ್ಟೆ ಉರಿದದ್ದು ನಿನಗೆ ಗೊತ್ತು. ಎದುರಂಗಡಿಯವನೂ ಅದನ್ನೇ ಬಳಸಿ ನನ್ನ ಗಿರಾಕಿಗಳನ್ನು ಸೆಳೆಯುತ್ತಾನೆ. ನಿನ್ನೆ, ಇವತ್ತು ಗ್ರಂಥಾಲಯದ ಸಭಾಂಗಣದಲ್ಲಿ ಅದನ್ನು ಬಳಸುವವರೆಲ್ಲ ಕೂಡಿ ಕೋಡ್ ತಿದ್ದುವ ಕೂಟ ನಡೆಸಿದರು. ಕುರ್ಚಿ ನಮ್ಮವೇ, ನಾನು ಅವನ್ನು ಕಾಯಲು ಹೋದವನು. ನೋಡಿದರೆ, ಬಾಡಿಗೆಗೆ ಹೋದ ಸಾಮಾನಿನಲ್ಲಿ ಅರ್ಧ ಮರಳಿದರೂ ನಿನ್ನ ಸಾಫ್ಟ್‌ವೇರ್ ಎಲ್ಲವೂ ಬಂತು ಎನ್ನುತ್ತದಂತೆ. ರೋಗಿಗಳಿಗೆ ಗಾಲಿಕುರ್ಚಿ ಎರವಲು ಕೊಡುವವರು ಇಲ್ಲದ ಕುರ್ಚಿಗೆ ಮಾತು ಕೊಟ್ಟು ಪೇಚಾಡಿದ್ದಾರೆ. ಅದನ್ನು ಸರಿಪಡಿಸಿದವಳು ಯಾರು ಅಂದುಕೊಂಡಿದ್ದೀಯ? ಎದುರಂಗಡಿಯವನ ಸೊಸೆ!

ಬರೆದವರೇ ತಮ್ಮ ಕೋಡಿಗೆ ಒಪ್ಪಿಗೆ ಕೊಡುವಂತಿಲ್ಲ. ಅದು ನೀನೇ ಮಾಡಿದ ನಿಯಮ. ನೀನಿಲ್ಲದಾಗ ಒಪ್ಪಬೇಕಾದವನು ನಾನು. ಅಂದು "ಸುಮ್ನೆ ಹೆಸರಿಗೆ, ಅಪ್ಪ" ಎಂದು ನನ್ನನ್ನು ಸೇರಿಸಿದ್ದೆಯಲ್ಲ! "ಅಂಕಲ್, ನೀವು ಹೂಂ ಅನ್ನದೆ ಇದು ಒಳಗೆ ಹೋಗಲ್ಲ" ಅಂದಳು ಆ ಸೊಸೆ. ಇಲ್ಲದಿದ್ದರೆ ನಿನ್ನನ್ನೇ ಎಬ್ಬಿಸಬೇಕು ಎಂದು ಯಾರೋ ಗೊಣಗಿದರು. ಎದುರಂಗಡಿಯ ಗೋಜಲು ಹಾಗೇ ಇರಲಿ ಎಂದಿತು ನನ್ನ ವ್ಯಾಪಾರದ ಬುದ್ಧಿ. ಆದರೆ ನೀನು ಪಟ್ಟಿ ಸರಿಸಿ ಪರದೆಯ ಮುಂದೆ ಕೂರುವುದು ಕಣ್ಣಿಗೆ ಕಟ್ಟಿತು.

ಹಾಗಂತ ಸುಮ್ಮನೆ ತಲೆಯಾಡಿಸುವವನೇ ನಾನು? "ಮುರಿದು ವಾಪಸ್ ಬಂದಿದ್ದನ್ನೂ ಬಾಡಿಗೆಗೆ ಕೊಡ್ತೀಯೇನಮ್ಮ?" ಅಂದೆ. ನಾಲಿಗೆ ಕಚ್ಚಿಕೊಂಡು, ಊಟದ ಹೊತ್ತಿಗೆ ಅದನ್ನೂ ಸೇರಿಸಿ ತಂದಳು. ಆಮೇಲೆ ಒಪ್ಪಿಗೆಯ ಗುಂಡಿ ಒತ್ತಿದೆ. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಂದಿಬ್ಬರು ಕುರ್ಚಿಯ ಮೇಲೇ ಹತ್ತಿದರು. ಯಾವುದೂ ಮುರಿಯಲಿಲ್ಲ, ನೋಡಿಕೊಂಡೆ.

ಕಣ್ಣು ಬೇಗ ತಿಳಿಯಾಗಲಿ. ಓದಿ ಗಂಟಲು ಒಣಗಿಸಿಕೊಂಡ ಅಳಿಯಂದಿರಿಗೂ ನನ್ನ ಆಶೀರ್ವಾದ.

ನಿನ್ನ
ಅಪ್ಪ

ಮರೆತಿದ್ದೆ: ನೀನು ಗುಣವಾಗುವವರೆಗೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೂಟದಲ್ಲಿ ಕೇಳಿದರು. ಕೋಡ್ ಎದುರಂಗಡಿ ಸೊಸೆಯದು, ತಕರಾರು ನನ್ನದು ಎಂದುಬಿಟ್ಟೆ. ನಾಳೆಯಿಂದ ಸಂಜೆ ಹೊತ್ತು ಅವಳು ನಮ್ಮ ಅಂಗಡಿಯಲ್ಲೇ ಕೂರುತ್ತಾಳೆ. ಅವಳ ಮಾವ ಎದುರಿನಿಂದ ನೋಡಿ ನೋಡಿ ಹೊಟ್ಟೆ ಉರಿದುಕೊಳ್ಳಲಿ. ನೀನು ಮಲಗು.