ನಡುಮಧ್ಯಾಹ್ನದ ಸಾವಿನ ಗಂಟೆ

ಎಸಿಹಾ
10 ಜುಲೈ 1968, ಬುಧವಾರ

ಫೆರ್ಮೀನ್,

‘ಪ್ರಿಯ’ ಎಂದು ಬರೆಯಲೋ ಬೇಡವೋ ಎಂದು ಯೋಚಿಸುತ್ತ ಕೂರುವ ಹೊತ್ತಲ್ಲ ಇದು. ನಿಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಸಂಜೆಯಿಂದ ಕಣ್ಣು ಬಿಟ್ಟಿಲ್ಲ. ‘ಇವತ್ತೊಂದು ದಿನ ದಾಟಲಿ, ಆಮೇಲೆ ಮಾತಾಡೋಣ’ ಎಂದಷ್ಟೇ ಡಾಕ್ಟರು ಹೇಳಿದ್ದಾರೆ. ತಂತಿ ಕೊಡಲು ಅಂಚೆ ಕಚೇರಿಗೆ ಹೋಗಿದ್ದೆ. ನಾಲ್ಕು ಪದ ಬರೆಯಲು ಕೈ ಬರಲಿಲ್ಲ, ಹಿಂದಿರುಗಿದೆ. ಅವರ ಮಂಚದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಸಂಜೆ ಕಾಡಿಸ್‌ಗೆ ಹೊರಡುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ.

ನೀವು ಮನೆ ಬಿಟ್ಟದ್ದು ಅವರಿಗೆ ತಿಳಿಯಬಾರದೆಂದು ನಾವಿಬ್ಬರೂ ಒಪ್ಪಿದ್ದೆವಲ್ಲ, ಮೊನ್ನೆ ಅವರು ಉತ್ತರದ ತಮ್ಮ ತಂಪು ಊರಿಂದ ಬಂದಿಳಿದಾಗ ಅದರಂತೆಯೇ ನಡೆದುಕೊಂಡೆ. ‘ಕಾಡಿಸ್‌ನ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿದೆ ಅತ್ತೆ, ರಜೆ ಕೊಡುತ್ತಿಲ್ಲ’ ಎಂದೆ. ಅವರು ‘ಹೂಂ’ ಎಂದು ಸೂಪು ಕುಡಿದರು. ಮಾರನೆಯ ದಿನ, ಅಂದರೆ ನಿನ್ನೆ, ಊರು ನೋಡಬೇಕೆಂದು ಹಟ ಹಿಡಿದರು. ಜುಲೈ ತಿಂಗಳಲ್ಲಿ ಎಸಿಹಾ ನೋಡುವುದೆಂದರೇನು ಗೊತ್ತೇ ಇದೆಯಲ್ಲ, ನಮ್ಮೂರನ್ನು ಜನ ಬಾಣಲೆ ಎಂದು ಸುಮ್ಮನೆ ಕರೆಯುವುದಿಲ್ಲ. ಬೆಳಗ್ಗೆ ಬೇಗ ಹೊರಟು ಹತ್ತಕ್ಕೆಲ್ಲ ಮನೆ ಸೇರೋಣ ಎಂದೆ. ಅತ್ತೆ ಕೇಳಬೇಕಲ್ಲ! ‘ನಮ್ಮ ಸಾಂತಾಂದೇರ್‌ನಲ್ಲಿ ಬಿಸಿಲು ಬಂದ್ರೆ ಜನ ಹೊರಗೆ ಬರ್ತಾರೆ, ನೀವೇನಮ್ಮ ಇಲಿ ಥರ ಬಿಲ ಸೇರ್ತೀರಿ’ ಎಂದು ಛೇಡಿಸಿದರು. ಮಾವ ತೀರಿಕೊಂಡಾಗಿನಿಂದ ಉಡುವ ಅದೇ ಕಪ್ಪು ಬಟ್ಟೆ, ಕತ್ತಿನವರೆಗೂ ಗುಂಡಿ. ಅರಮನೆ ಬಾಗಿಲು, ಚೌಕ, ಹಳೇ ಗೋಡೆ, ಒಂದನ್ನೂ ಬಿಡಲಿಲ್ಲ. ಕಡೆಗೆ ನಡುಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಚರ್ಚಿನ ಮುಂದೆ ನಿಂತು, ‘ಈ ಗೋಪುರ ಹತ್ತಿ ಒಂದ್ಸಲ ನೋಡಿಬಿಡ್ತೀನಿ, ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ’ ಎಂದರು.

ಬಾಗಿಲು ತೆರೆದಿತ್ತು, ಒಳಗೆ ಯಾರೂ ಕಾಣಲಿಲ್ಲ. ಗಳಿಗೆಗೊಮ್ಮೆ ಕೂರುತ್ತ ಹತ್ತಿದೆವು. ಗಂಟೆಗಳಿರುವ ಅಂತಸ್ತು ಮುಟ್ಟುವಷ್ಟರಲ್ಲಿ ಕೆಳಗೆ ದಢಾರನೆ ಸದ್ದಾಯಿತು. ಆಗ ನನಗೆ ಹೊಳೆಯಿತು. ಬೀಗದ ಕೈ ಇಟ್ಟುಕೊಂಡಿರುವ ಮುದುಕ ಒನೋರಿಯೊ ಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೊರಟಿದ್ದ. ಊಟವಾದ ಮೇಲೆ ನಿದ್ದೆ. ಇನ್ನು ಬಿಸಿಲು ಇಳಿಯುವ ತನಕ ಅವನು ಬರುವುದಿಲ್ಲ. ಇಳಿದು ಹೋಗಿ ಬಾಗಿಲು ಬಡಿದೆ, ಒದ್ದೆ. ಮತ್ತೆ ಹತ್ತಿ ಕಿಂಡಿಯಿಂದ ಕೂಗಿದೆ. ಕೆಳಗೆ ಇಡೀ ಊರು ಕಿಟಕಿಗಳ ಮೇಲೆ ಪರದೆ ಇಳಿಸಿ ಮಲಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಷ್ಟು ಮನೆಗಳ ನಡುವೆ ಇದ್ದೂ ನನ್ನ ಕೂಗು ಯಾರಿಗೂ ಕೇಳಲಿಲ್ಲ.

ಅತ್ತೆ ಗೋಡೆಗೊರಗಿ ಕೂತಿದ್ದರು. ಕುಪ್ಪಸದ ಗುಂಡಿ ಬಿಚ್ಚಿದೆ, ಬೀಸಣಿಗೆ ಬೀಸಿದೆ. ನೀರಿರಲಿಲ್ಲ. ಮುಟ್ಟಿ ನೋಡಿದರೆ ಹಣೆ ಒಣಗಿತ್ತು. ಬೆವರು ನಿಂತುಹೋಗಿತ್ತು, ಫೆರ್ಮೀನ್. ಈ ಊರಲ್ಲಿ ಹುಟ್ಟಿದವಳು ನಾನು, ಬೆವರು ನಿಂತರೆ ಬಿಸಿಲಿನ ಹೊಡೆತ ಜೀವಕ್ಕೇ ತಟ್ಟಿತೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆಗ ಅವರು ಮೆಲ್ಲಗೆ ಕೇಳಿದರು, ‘ಅಂಪಾರೊ, ಅವನು ಕೆಲಸಕ್ಕೆ ಹೋಗಿಲ್ಲ ಅಲ್ವಾ?’

‘ಹಡಗುಕಟ್ಟೇಲಿ ಅತ್ತೆ...’ ಎಂದು ನಾನು ಶುರುಮಾಡಿದೆ.

‘ಸಾಕು ಸುಮ್ನಿರು. ಸುಳ್ಳು ಹೇಳೋದಕ್ಕೂ ಉಸಿರು ಬೇಕು. ಬೀರು ತೆಗೆದು ನೋಡ್ದೆ, ಅವನ ಚಳಿಗಾಲದ ಕೋಟಿಲ್ಲ. ಬೇಸಿಗೆ ಕೆಲಸಕ್ಕೆ ಹೋದೋನು ಉಣ್ಣೆ ಕೋಟು ಹೊತ್ಕೊಂಡು ಹೋಗ್ತಾನೇನೇ?’

ಆಮೇಲೆ ಅವರ ಮಾತು ತೊದಲಿತು. ನನ್ನನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದರು. ನಾನು ಎದ್ದು ದೊಡ್ಡ ಗಂಟೆಯ ಹಗ್ಗ ಹಿಡಿದೆ. ಊರನ್ನೇ ಎಬ್ಬಿಸುತ್ತೇನೆ ಎಂದುಕೊಂಡೆ. ಆದರೆ ನನ್ನ ತೋಳಲ್ಲಿ ಬಲ ಎಲ್ಲಿತ್ತು? ಪೂರಾ ಮೈಭಾರ ಹಾಕಿ ಜಗ್ಗಿದರೆ ಒಂದು ಹೊಡೆತ. ಸುಧಾರಿಸಿಕೊಂಡು ಇನ್ನೊಂದು. ಹಾಗೆ ಬಿಟ್ಟು ಬಿಟ್ಟು ಗಂಟೆ ಬಾರಿಸಿದರೆ ನಮ್ಮಲ್ಲಿ ಏನರ್ಥ? ಯಾರೋ ಸತ್ತರು ಎಂದು! ಅದು ನನಗೆ ಹೊಳೆದಾಗ ಹಗ್ಗ ಕೈಯಲ್ಲೇ ಇತ್ತು. ಬದುಕಿರುವ ಅತ್ತೆಯ ಮುಂದೆ ನಿಂತು ನಾನೇ ಅವರ ಸಾವಿನ ಗಂಟೆ ಬಾರಿಸುತ್ತಿದ್ದೆ. ನಿಲ್ಲಿಸಲೂ ಹೆದರಿಕೆ, ಬಾರಿಸಲೂ ಹೆದರಿಕೆ. ಅಳುತ್ತಲೇ ಬಾರಿಸಿದೆ.

ಊರಿಗೆಲ್ಲ ಕೇಳಿಸಿತ್ತಂತೆ. ಎದುರುಮನೆ ಪಾಕಾ ಇವತ್ತು ಬೆಳಗ್ಗೆ ಹೇಳಿದಳು, ‘ಎದ್ದು ಕೂತು ಶಿಲುಬೆ ಗುರುತು ಹಾಕ್ಕೊಂಡೆ ಕಣೇ, ಪಾಪ ಯಾವ ಜೀವವೋ ಅಂತ. ಮತ್ತೆ ಮಗ್ಗುಲು ಬದಲಾಯಿಸ್ದೆ.’ ಒನೋರಿಯೊನೂ ಅಷ್ಟೇ. ಇಷ್ಟೊಂದು ಗೋಪುರಗಳಿರುವ ಊರಲ್ಲಿ, ಪಕ್ಕದ ಚರ್ಚಿನ ಗಂಟೆ ಇರಬೇಕೆಂದು ದಿಂಬನ್ನು ಕಿವಿಗೆ ಒತ್ತಿಕೊಂಡನಂತೆ.

ನಮ್ಮನ್ನು ಉಳಿಸಿದವಳು ಯಾರು ಗೊತ್ತೇ? ನೀವು ‘ಊರಿನ ರೇಡಿಯೊ’ ಎಂದು ಆಡಿಕೊಳ್ಳುತ್ತಿದ್ದ ಕಾಂದೆಲಾರಿಯಾ. ಸತ್ತವರು ಯಾರೆಂದು ತಿಳಿಯದೆ ಅವಳಿಗೆ ನಿದ್ದೆ ಹತ್ತೀತೇ! ತಲೆಗೆ ಒದ್ದೆ ಟವೆಲು ಹಾಕಿಕೊಂಡು ಗೋಪುರದಿಂದ ಗೋಪುರಕ್ಕೆ ಅಲೆದಿದ್ದಾಳೆ. ನಮ್ಮ ಕೆಳಗೆ ನಿಂತು, ‘ಯಾರ್ರೀ ಹೋಗಿದ್ದು?’ ಎಂದು ಕೂಗಿದಳು.

‘ಇನ್ನೂ ಯಾರೂ ಹೋಗಿಲ್ಲ ಕಾಂದೆಲಾರಿಯಾ, ಬಾಗಿಲು ತೆಗೆಸೇ ತಾಯಿ!’ ಎಂದು ಕಿರುಚಿದೆ.

ಆಮೇಲೆ ಆ ದಪ್ಪ ಹೆಂಗಸು ಓಡಿದ ಓಟ ನೋಡಬೇಕಿತ್ತು. ಒನೋರಿಯೊ ಬನಿಯನ್ನಿನಲ್ಲೇ ಬಂದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಅಷ್ಟರಲ್ಲಿ ಅವರ ತಲೆ ಎದೆಯ ಮೇಲೆ ಬಾಗಿತ್ತು.

ಈಗ ಹಣೆಯ ಒದ್ದೆ ಬಟ್ಟೆ ಬದಲಿಸುತ್ತ ಕೂತಿದ್ದೇನೆ. ಅವರ ಉಸಿರು ಸ್ವಲ್ಪ ತಡವಾದರೂ ನನ್ನ ಉಸಿರೂ ನಿಲ್ಲುತ್ತದೆ. ನಮ್ಮ ಜಗಳದಲ್ಲಿ ತಪ್ಪು ಯಾರದೆಂದು ನಾನು ಈಗ ಕೇಳುತ್ತಿಲ್ಲ. ನಿಮ್ಮ ತಾಯಿಗಾಗಿ ಬನ್ನಿ. ತಡಮಾಡಬೇಡಿ.

ಇನ್ನೂ ನಿಮ್ಮ ಹೆಂಡತಿಯಾಗಿರುವ,
ಅಂಪಾರೊ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಕಣ್ಣು ಬಿಟ್ಟರು. ನೀರು ಕುಡಿದರು, ಸೂಪಿಗೆ ಉಪ್ಪಿಲ್ಲವೆಂದು ನರ್ಸಮ್ಮನನ್ನು ಬೈದರು. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ನನ್ನ ಕೈಯಲ್ಲಿ ಈ ಕಾಗದ ನೋಡಿ, ‘ಅವನಿಗಾ? ಹಾಗೇ ಕಳಿಸು. ನಾನು ಎದ್ದೆ ಅಂತ ಬರೀಬೇಡ. ಹೆದರಿಕೊಂಡಾದ್ರೂ ಬರ್ಲಿ, ಬಂದ್ಮೇಲೆ ನಾನು ನೋಡ್ಕೋತೀನಿ’ ಎಂದು ಗದರಿದರು. ಹೂಂ ಎಂದೆ, ಆದರೆ ಅವರು ಮಗ್ಗುಲಾದ ಮೇಲೆ ಇಷ್ಟು ಬರೆದೆ. ಆ ಹೆದರಿಕೆ ಎಂಥದೆಂದು ನಿನ್ನೆ ಉಂಡಿದ್ದೇನೆ. ಕಾಡಿಸ್‌ನಿಂದ ಇಲ್ಲಿವರೆಗೆ ಅದನ್ನು ಹೊತ್ತು ಬರುವ ಶಿಕ್ಷೆ ನಿಮಗೂ ಬೇಡ. ಈಗ ನೀವು ಓಡಿ ಬರಲೇಬೇಕಾದ ಕಾರಣ ಯಾವುದೂ ಉಳಿದಿಲ್ಲ. ಆದರೂ ನಾಳೆ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿರುತ್ತೇನೆ. ನೀವು ಇಳಿಯದಿದ್ದರೆ ಎಂಬ ಭಯ ಈಗಲೇ ಶುರುವಾಗಿದೆ.